ಆರು ವಾರ ಗಾಡಿ ಮುಟ್ಟುವಂತಿಲ್ಲ

ಆಪರೇಷನ್ ಆದ ನಾಲ್ಕನೆಯ ದಿನ ಬೆಳಗ್ಗೆ, ಡಾಕ್ಟರಮ್ಮ ರೌಂಡ್ಸಿಗೆ ಬರುವುದಕ್ಕೆ ಸ್ವಲ್ಪ ಮುಂಚೆ, ಡ್ರೈವಿಂಗ್ ಮೇಷ್ಟ್ರಿಗೆ ಹೂಸು ಹೋಯಿತು. ಅದೇನು ಹೇಳಿಕೊಳ್ಳುವ ಸಂಗತಿಯೇ ಎಂದರೆ, ಆ ವಾರ್ಡಿನಲ್ಲಿ ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿರಲಿಲ್ಲ. ಮೇಷ್ಟ್ರ ದೊಡ್ಡ ಕರುಳಿನಲ್ಲಿ ಗೇಣುದ್ದ ಕತ್ತರಿಸಿ ತೆಗೆದು, ಉಳಿದ ಎರಡು ತುದಿ ಸೇರಿಸಿ ಹೊಲಿದಿದ್ದರು. ಕರುಳು ಮತ್ತೆ ಕೆಲಸಕ್ಕೆ ಹತ್ತಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ಗಾಳಿ ಹೋಗುವುದನ್ನೇ ಕಾಯಬೇಕಿತ್ತು. ಮೂರು ದಿನದಿಂದ ಡಾಕ್ಟರಮ್ಮ, ನರ್ಸು, ನೆಲ ಒರೆಸುವ ಹೆಂಗಸು, ಕೊನೆಗೆ ಎದುರು ಮಂಚದಲ್ಲಿ ಪಿತ್ತಕೋಶ ತೆಗೆಸಿಕೊಂಡು ಮಲಗಿದ್ದ ಮುದುಕ ಕೂಡ ಬೆಳಗಾದರೆ "ಗಾಳಿ ಹೋಯ್ತಾ?" ಎಂದು ಕೇಳುತ್ತಿದ್ದರು.

"ಹೋಯ್ತು," ಎಂದರು ಮೇಷ್ಟ್ರು, ಚಾವಣಿ ನೋಡುತ್ತಾ.

ಪಕ್ಕದ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ ಹೆಂಡತಿ ದಡಬಡಿಸಿ ಎದ್ದಳು. "ಏನು?"

"ಗಾಳಿ."

"ನಿಜವಾಗ್ಲೂ? ಸರಿಯಾಗಿ ಹೋಯ್ತಾ?"

"ಸರಿಯಾಗಿ ಅಂದ್ರೆ? ನಿಮ್ಮ ಪೋಸ್ಟಾಫೀಸಲ್ಲಿ ಕೊಡೋ ಹಾಗೆ ರಸೀದಿ ಕೊಡ್ಬೇಕಾ?"

ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗುತ್ತ ನಗುತ್ತಲೇ ಅತ್ತುಬಿಟ್ಟಳು. ಕಣ್ಣೊರೆಸಿಕೊಂಡು ನರ್ಸನ್ನು ಕರೆಯಲು ಓಡಿದಳು. ನರ್ಸು ಚಪ್ಪಾಳೆ ತಟ್ಟಿದಳು. ಪಿತ್ತಕೋಶದ ಮುದುಕ ಮಲಗಿದಲ್ಲಿಂದಲೇ ಕೈಯೆತ್ತಿ, "ಗೆದ್ರಿ ಮೇಷ್ಟ್ರೇ, ನಂದಿನ್ನೂ ಇಲ್ಲ" ಎಂದ. ಡಾಕ್ಟರಮ್ಮ ಬಂದು ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಆಲಿಸಿ, "ಭೇಷ್! ಇವತ್ತು ನೀರು, ನಾಳೆ ಸೂಪು" ಎಂದಳು.

ಹೀಗೆ ಎಲ್ಲರೂ ಸಂತೋಷಪಟ್ಟರು. ಮೇಷ್ಟ್ರು ಅವರ ಸಂತೋಷವನ್ನು ನೋಡಿದರು. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಬಸ್ಸಿನೊಳಗೆ ಯಾರೋ ನಗುತ್ತಿರುವುದನ್ನು ಗಾಜಿನಾಚೆಯಿಂದ ನೋಡುತ್ತೇವಲ್ಲ, ಹಾಗೆ.

ಈ ಮರಗಟ್ಟಿದ ಸ್ಥಿತಿ ಆಪರೇಷನ್ನಿನಿಂದ ಬಂದದ್ದಲ್ಲ. ಐದು ವಾರದ ಹಿಂದೆ, ಹಿಂದಿನಿಂದ ಕ್ಯಾಮೆರಾ ಟ್ಯೂಬು ಹಾಕಿ ನೋಡಿದ ದಿನವೇ ಶುರುವಾಗಿತ್ತು. ಅದಕ್ಕೂ ಮುಂಚೆ ಐದಾರು ತಿಂಗಳಿಂದ ರಕ್ತ ಹೋಗುತ್ತಿತ್ತು. ದಿನವಿಡೀ ಸೀಟಿನ ಮೇಲೆ ಕೂರುವವರಿಗೆಲ್ಲ ಮೂಲವ್ಯಾಧಿ ಬರುವುದೇ ಎಂದು ಮೇಷ್ಟ್ರು ತಾವೇ ತೀರ್ಪು ಕೊಟ್ಟುಕೊಂಡು ಮುಲಾಮು ಹಚ್ಚಿಕೊಂಡಿದ್ದರು. ಕೊನೆಗೆ ಹೆಂಡತಿಯೇ ರಜ ಹಾಕಿ ಎಳೆದುಕೊಂಡು ಹೋಗಿದ್ದಳು. ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ, "ಕ್ಯಾನ್ಸರ್ ಇದೆ, ತೆಗೀಬೇಕು" ಎಂದಾಗ ಮೇಷ್ಟ್ರು ಮೇಜಿನ ಮೇಲಿದ್ದ ಸ್ಟೇಪ್ಲರನ್ನು ನೋಡುತ್ತಿದ್ದರು. ಅದರ ಬಾಯಲ್ಲಿ ಪಿನ್ನೊಂದು ಸೊಟ್ಟಗೆ ಸಿಕ್ಕಿಕೊಂಡಿತ್ತು. ಬಿಡಿಸಬೇಕಲ್ಲ ಎನ್ನಿಸಿತು. ಬೇರೇನೂ ಅನ್ನಿಸಲಿಲ್ಲ. ಇಂಥ ಮಾತು ಕೇಳಿದರೆ ಕೈಕಾಲು ತಣ್ಣಗಾಗುತ್ತದಂತೆ, ಕಣ್ಣಿಗೆ ಕತ್ತಲೆ ಬರುತ್ತದಂತೆ. ತಮಗೂ ಈಗ ಆದೀತು, ಇನ್ನೊಂದು ಗಳಿಗೆಗೆ ಆದೀತು ಎಂದು ಕಾದರು. ಆಗಲೇ ಇಲ್ಲ. ಗಾಡಿ ತಾವೇ ಓಡಿಸಿಕೊಂಡು ಮನೆಗೆ ಬಂದು, ಸಂಜೆ ಐದರ ಬ್ಯಾಚಿಗೆ ರಿವರ್ಸ್ ಹೇಳಿಕೊಟ್ಟರು.

ಇಪ್ಪತ್ತಾರು ವರ್ಷದಿಂದ ಅವರದು ಇದೇ ಕೆಲಸ. ಒಂದೇ ಗಾಡಿ, ಒಬ್ಬರೇ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನ ಮುಂದೆ, ಕಾಲಿಗೆ ಸಿಗುವಂತೆ, ಅವರಿಗೆಂದೇ ಇನ್ನೊಂದು ಬ್ರೇಕು. ಎಲ್ಲಾದರೂ ನಾಯಿ ಬಾಲ ಅಲ್ಲಾಡಿಸಿದರೂ ಅವರ ಕಾಲು ಅದರ ಮೇಲಿರುತ್ತಿತ್ತು. ಅದಕ್ಕೇ ಕಲಿಯಲು ಬಂದವರೆಲ್ಲ ಹಿಂದಿನಿಂದ 'ಬ್ರೇಕ್ ಮೇಷ್ಟ್ರು' ಎನ್ನುತ್ತಿದ್ದರು. ಮನೆಯಲ್ಲಿ ಟಿವಿ ನೋಡುವಾಗಲೂ ಗಾಡಿಗಳು ಅಡ್ಡ ಬಂದರೆ ಅವರ ಕಾಲು ನೆಲ ಒತ್ತುತ್ತಿತ್ತು.

ಎಂಟನೆಯ ದಿನ ಮನೆಗೆ ಕಳಿಸಿದರು. ಬೀಳ್ಕೊಡುವಾಗ ನರ್ಸು ಒಂದು ಹಾಳೆ ಹಿಡಿದುಕೊಂಡು ಓದಿದಳು. "ನೀರು ತುಂಬಿದ ಕೆಟಲ್‌ಗಿಂತ ಭಾರದ್ದು ಎತ್ತೋ ಹಾಗಿಲ್ಲ. ಕೆಮ್ಮು ಬಂದ್ರೆ ಹೊಟ್ಟೆಗೆ ದಿಂಬು ಒತ್ತಿ ಹಿಡ್ಕೊಂಡು ಕೆಮ್ಮಿ. ಆರು ವಾರ ಗಾಡಿ ಮುಟ್ಟೋ ಹಾಗಿಲ್ಲ."

"ಹೊಲಿಗೆ ಸುತ್ತ ಚರ್ಮ ಮುಟ್ಟಿದ್ರೆ ಗೊತ್ತೇ ಆಗಲ್ಲ," ಎಂದರು ಮೇಷ್ಟ್ರು.

"ನರ ಕತ್ತರಿಸಿರ್ತಾರಲ್ಲ, ಹಾಗೇ ಜೋಮು ಇರತ್ತೆ. ಕೆಲವರಿಗೆ ಸ್ಪರ್ಶ ವಾಪಸ್ ಬರತ್ತೆ, ಕೆಲವರಿಗೆ ಬರಲ್ಲ. ಅದರಿಂದ ತೊಂದರೆ ಏನಿಲ್ಲ," ಎಂದು ನರ್ಸು ಹಾಳೆ ಮಡಿಸಿ ಕೈಗೆ ಕೊಟ್ಟಳು.

ಮನೆಗೆ ಹೋಗುವ ದಾರಿಯಲ್ಲಿ ಟ್ಯಾಕ್ಸಿಯನ್ನು ಮೂರು ಸಲ ನಿಲ್ಲಿಸಬೇಕಾಯಿತು. ಗಿಡ್ಡವಾದ ಕರುಳಿಗೆ ತಡೆದುಕೊಳ್ಳುವುದು ಇನ್ನೂ ಅಭ್ಯಾಸವಾಗಿರಲಿಲ್ಲ. ಬಂತು ಎಂದರೆ ಬಂತು. ಮೊದಲ ಸಲ ಪೆಟ್ರೋಲ್ ಬಂಕು, ಎರಡನೆಯ ಸಲ ಒಂದು ಹೋಟೆಲು, ಮೂರನೆಯ ಸಲ ಯಾರದೋ ಗೋದಾಮಿನ ಕಾವಲುಗಾರನ ಕೈಕಾಲು ಹಿಡಿದದ್ದು. ಟ್ಯಾಕ್ಸಿಯವನು ಮುಖ ಗಂಟು ಹಾಕಿಕೊಂಡು ಕನ್ನಡಿಯಲ್ಲಿ ನೋಡುತ್ತಲೇ ಇದ್ದ. ಇನ್ನೊಬ್ಬರಾಗಿದ್ದರೆ ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದರು. ಮೇಷ್ಟ್ರು ಮಾತ್ರ ಮೂರನೆಯ ಸಲವೂ ಸಾವಕಾಶವಾಗಿ ಕೈ ತೊಳೆದುಕೊಂಡು ಬಂದು ಕೂತರು.

ಮಾರನೆಯ ದಿನ ತಂಗಿ ಬಂದಳು. ಬಾಗಿಲಲ್ಲೇ ಚೀಲ ಕೆಡವಿ, ಅಣ್ಣನ ಕೈ ಹಿಡಿದುಕೊಂಡು ಅಳತೊಡಗಿದಳು. "ಹೇಗಿದ್ದೋನು ಹೇಗಾಗಿಬಿಟ್ಯಲ್ಲೋ ಅಣ್ಣ! ನಿನ್ನ ನೋಡಿದ್ರೆ ಕರುಳು ಕಿತ್ತು ಬರತ್ತೆ!"

"ನಿಂದು ಬರತ್ತೆ ಅಂತೀಯ. ನಂದು ಕಿತ್ತೇ ಹಾಕಿದಾರೆ," ಎಂದರು ಮೇಷ್ಟ್ರು.

ತಂಗಿ ಅಳುವುದೋ ನಗುವುದೋ ತಿಳಿಯದೆ ಅತ್ತಿಗೆಯ ಮುಖ ನೋಡಿದಳು. "ನೋಡಿದ್ರಾ ಅತ್ತಿಗೆ, ತಮಾಷೆ ಮಾಡ್ತಾನೆ. ಎಷ್ಟು ಧೈರ್ಯ ಇವನಿಗೆ!"

ಅತ್ತಿಗೆ ಬಾಗಿಲಲ್ಲಿ ಬಿದ್ದಿದ್ದ ಚೀಲ ಎತ್ತಿಟ್ಟಳು. ಇಪ್ಪತ್ತೈದು ವರ್ಷ ಜೊತೆಗೆ ಬಾಳಿದವಳಿಗೆ ಇದು ಧೈರ್ಯವಲ್ಲ ಎಂದು ಗೊತ್ತಿತ್ತು. ಏನು ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಮೇಷ್ಟ್ರು ಕೊಟ್ಟದ್ದು ತಿನ್ನುತ್ತಿದ್ದರು, ಹೇಳಿದಷ್ಟು ನಡೆಯುತ್ತಿದ್ದರು, ಮಾತ್ರೆ ತಪ್ಪಿಸುತ್ತಿರಲಿಲ್ಲ. ಸೂಪಿಗೆ ಉಪ್ಪು ಹಾಕುವುದು ಮರೆತರೂ ಅವರು ತುಟಿ ಬಿಚ್ಚುತ್ತಿರಲಿಲ್ಲ. ಮುಂಚೆ ಟೀಗೆ ಅರ್ಧ ಚಮಚ ಸಕ್ಕರೆ ಹೆಚ್ಚಾದರೆ ಮನೆಯೆಲ್ಲ ರಂಪ ಮಾಡುತ್ತಿದ್ದ ಮನುಷ್ಯ.

ಎರಡನೆಯ ವಾರ ನಡೆದದ್ದು ಇದು. ಆಕೆ ಮತ್ತೆ ಪೋಸ್ಟಾಫೀಸಿಗೆ ಹೋಗಲು ಶುರು ಮಾಡಿದ್ದಳು. ಸಂಜೆ ಬರುವುದು ಮುಕ್ಕಾಲು ಗಂಟೆ ತಡವಾಗುತ್ತಿತ್ತು. ಕೇಳಿದರೆ ಕೌಂಟರಿನಲ್ಲಿ ರಶ್ಶು ಎನ್ನುತ್ತಿದ್ದಳು. ಅವತ್ತು ಮೇಷ್ಟ್ರು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಾಗ, ಮನೆ ಮುಂದೆ ಕೆಂಪು ಬೋರ್ಡಿನ ಗಾಡಿಯೊಂದು ಕುಲುಕಾಡಿ ನಿಂತಿತು. ಅದು ಅವರ ಎದುರಾಳಿಯ ಗಾಡಿ. ಹತ್ತು ವರ್ಷದ ಹಿಂದೆ ಅವರ ಸ್ಕೂಲಿನ ಎದುರಿಗೇ ಬೋರ್ಡು ಹಾಕಿದವನು. ಮೋಡ ಕವಿದಿದ್ದರೂ ಕಪ್ಪು ಕನ್ನಡಕ ತೆಗೆಯದ ಅವನನ್ನು ಮೇಷ್ಟ್ರು 'ಸ್ಟೈಲು' ಎಂದೇ ಕರೆಯುತ್ತಿದ್ದರು. ಸ್ಟೈಲು ಕೂತಿದ್ದದ್ದು ಪಕ್ಕದ ಸೀಟಿನಲ್ಲಿ. ಸ್ಟೀರಿಂಗಿನ ಹಿಂದೆ ಇದ್ದವಳು ಮೇಷ್ಟ್ರ ಹೆಂಡತಿ.

ಆಕೆ ಇಳಿದು, ತಲೆಯೆತ್ತಿ, ಕಿಟಕಿಯಲ್ಲಿ ಗಂಡನನ್ನು ಕಂಡಳು. ಒಳಗೆ ಬಂದು ಕೈಚೀಲ ಮೇಜಿನ ಮೇಲಿಟ್ಟು, ಸೀದಾ ಎದುರಿಗೆ ಬಂದು ನಿಂತಳು.

"ನೋಡಿದ್ರಾ?"

"ನೋಡಿದೆ."

"ಯಾವತ್ತಿಂದ ಅಂತ ಕೇಳಲ್ವಾ?"

"ಯಾವತ್ತಿಂದ?"

"ನಿಮಗೆ ಕ್ಯಾಮೆರಾ ಹಾಕಿ ನೋಡಿದ್ರಲ್ಲ, ಅದರ ಮಾರನೇ ದಿನದಿಂದ. ನೀವು ಮಲಗಿಬಿಟ್ರೆ ಓಡಾಡಿಸೋರು ಯಾರು? ಮೂರು ಹೊತ್ತೂ ಟ್ಯಾಕ್ಸಿಯವರ ಮುಖ ನೋಡೋಕಾಗತ್ತಾ?"

"ನನ್ನನ್ನೇ ಕೇಳಬಹುದಿತ್ತು."

"ಒಂದ್ಸಲ ಕೇಳಿದ್ನಲ್ಲ."

ಕೇಳಿದ್ದು ನಿಜ. ಮದುವೆಯಾದ ಹೊಸದರಲ್ಲಿ. ಎಂಥ ದಡ್ಡನಿಗೂ ತಾಳ್ಮೆಯಿಂದ ಹೇಳಿಕೊಡುವ ಮೇಷ್ಟ್ರು ಹೆಂಡತಿ ಕೂತ ಕೂಡಲೇ ಬೇರೆ ಮನುಷ್ಯರಾಗಿದ್ದರು. ಇಪ್ಪತ್ತು ನಿಮಿಷದಲ್ಲಿ ಇಪ್ಪತ್ತು ಸಲ ಬ್ರೇಕು, ಇಪ್ಪತ್ತು ಸಲ ಬೈಗುಳ. "ಕಣ್ಣು ಮನೇಲಿಟ್ಟು ಬಂದಿದೀಯಾ?" ಎಂದದ್ದು ಕೊನೆಯದು. ಆಕೆ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಬಾಗಿಲು ತೆಗೆದು ಇಳಿದು, ನಡೆದುಕೊಂಡೇ ಮನೆ ಸೇರಿದ್ದಳು. ಆಮೇಲೆ ಇಷ್ಟು ವರ್ಷವೂ ಆಕೆಯ ಓಡಾಟ ಬಸ್ಸಿನಲ್ಲೇ. ಆ ಮಾತನ್ನು ಇಬ್ಬರೂ ಮತ್ತೆ ಎತ್ತಿರಲಿಲ್ಲ.

"ಬೈಯೋದಿದ್ರೆ ಬೈದುಬಿಡಿ," ಎಂದಳು ಆಕೆ. "ಎಲ್ಲಾ ಬಿಟ್ಟು ಅವನ ಹತ್ರ ಕಲಿತಿದ್ದಕ್ಕೆ."

ಮೇಷ್ಟ್ರು ತಮ್ಮೊಳಗೆ ತಡಕಾಡಿದರು. ಬೀಗದ ಕೈಗಾಗಿ ಜೇಬು ತಡಕುವ ಹಾಗೆ, ಈ ಜೇಬು, ಆ ಜೇಬು. ಕೋಪ ಇರಬೇಕಾದ ಜಾಗದಲ್ಲಿ ಏನೂ ಸಿಗಲಿಲ್ಲ.

"ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಿದೀಯ. ಅದಕ್ಕೇ ಗಾಡಿ ಕುಲುಕತ್ತೆ," ಎಂದರು.

ಆಕೆ ಇನ್ನೇನಾದರೂ ಬರುತ್ತದೇನೋ ಎಂದು ಸ್ವಲ್ಪ ಹೊತ್ತು ನಿಂತಳು. ಬರಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದಳು.

ತೆಗೆದ ಕರುಳನ್ನು ಪರೀಕ್ಷೆಗೆ ಕಳಿಸಿದ್ದ ರಿಪೋರ್ಟು ನಾಲ್ಕನೆಯ ವಾರ ಬಂತು. ಡಾಕ್ಟರಮ್ಮ ಫೋನಿನಲ್ಲಿ ಏನೂ ಹೇಳದೆ, ಇಬ್ಬರೂ ಬನ್ನಿ ಎಂದಳು. ಬೆಳಗ್ಗೆ ಮೇಷ್ಟ್ರು ಶೂ ಹಾಕಿಕೊಳ್ಳುವಷ್ಟರಲ್ಲಿ ಹೆಂಡತಿ ಅವರ ಗಾಡಿಯ ಬೀಗದ ಕೈ ತೆಗೆದುಕೊಂಡಾಗಿತ್ತು.

"ನಾನೇ ಓಡಿಸ್ತೀನಿ. ಮುಂದೆ ಹಿಂದೆ 'ಎಲ್' ಬೋರ್ಡ್ ಇದೆ, ಪಕ್ಕದಲ್ಲಿ ಲೈಸೆನ್ಸ್ ಇರೋರು ಇರ್ತೀರಿ. ಎಲ್ಲಿ ಅರ್ಜೆಂಟಾದ್ರೂ ನಿಲ್ಲಿಸಬಹುದು. ಇನ್ನೇನು ಬೇಕು?"

ಮೇಷ್ಟ್ರು ತಮ್ಮ ಹಳೆಯ ಜಾಗದಲ್ಲಿ ಕೂತರು. ಬೆಲ್ಟು ಗಾಯದ ಮೇಲೆ ಒತ್ತದಂತೆ ಆಕೆ ನಡುವೆ ದಿಂಬು ಸಿಗಿಸಿದಳು. ಕಾಲ ಕೆಳಗೆ ಅವರ ಬ್ರೇಕು ಇತ್ತು.

ಆಕೆ ಕೆಟ್ಟದಾಗೇನೂ ಓಡಿಸಲಿಲ್ಲ. ಎರಡು ಕಡೆ ಎಂಜಿನ್ ಆಫ್ ಆಯಿತು, ಒಂದು ಕಡೆ ಮೇಷ್ಟ್ರಿಗಾಗಿ ಪೆಟ್ರೋಲ್ ಬಂಕಿನಲ್ಲಿ ನಿಂತರು. ಆಸ್ಪತ್ರೆಗೆ ಹತ್ತಿರವಾಗುವಾಗ ಒಂದು ಏರು, ಏರಿನ ನೆತ್ತಿಯಲ್ಲಿ ಸಿಗ್ನಲ್ಲು. ಕೆಂಪು ಬಿತ್ತು. ಹಿಂದೆ ಒಂದು ಲಾರಿ ಮೂಸುವಷ್ಟು ಹತ್ತಿರ ಬಂದು ನಿಂತಿತು. ಹಸಿರು ಬಿದ್ದಾಗ ಆಕೆ ಬ್ರೇಕಿನಿಂದ ಕಾಲು ತೆಗೆದಳು, ಕ್ಲಚ್ಚು ಸರಿಯಾಗಿ ಹಿಡಿಯಲಿಲ್ಲ, ಗಾಡಿ ಹಿಂದಕ್ಕೆ ಜಾರತೊಡಗಿತು. ಲಾರಿಯವನು ಹಾರನ್ನು ಒತ್ತಿದವನು ಬಿಡಲೇ ಇಲ್ಲ. ಕನ್ನಡಿಯಲ್ಲಿ ಲಾರಿಯ ಮೂತಿ ದೊಡ್ಡದಾಗುತ್ತಾ ಬಂತು. ಮೇಷ್ಟ್ರು ಅದನ್ನು ನೋಡುತ್ತಿದ್ದರು. ನಂಬರ್ ಪ್ಲೇಟಿನ ಕೊನೆಯ ಅಂಕಿ ಅಳಿಸಿಹೋಗಿರುವುದನ್ನೂ ಗಮನಿಸಿದರು. ಅವರ ಕಾಲು ಇದ್ದಲ್ಲೇ ಇತ್ತು.

ಆಕೆಯೇ ಹ್ಯಾಂಡ್‌ಬ್ರೇಕ್ ಎಳೆದಳು. ಗಾಡಿ ನಿಂತಾಗ ಲಾರಿಗೂ ಅದಕ್ಕೂ ನಡುವೆ ಒಂದು ಮೊಳ ಜಾಗವಿತ್ತು. ಮತ್ತೆ ಸ್ಟಾರ್ಟ್ ಮಾಡಿ, ಸ್ಟೈಲು ಹೇಳಿಕೊಟ್ಟ ಹಾಗೆ ಎಂಜಿನ್ ಗುರುಗುಟ್ಟಿಸಿ, ಏರು ಹತ್ತಿಸಿದಳು. ಮುಖ ಅರಳಿತ್ತು.

"ನೀವು ತುಳೀಲೇ ಇಲ್ಲ!" ಎಂದಳು. "ಅಷ್ಟು ಹಿಂದಕ್ಕೆ ಹೋದ್ರೂ ತುಳೀಲಿಲ್ಲ! ಅಂತೂ ನನ್ನ ಮೇಲೆ ನಂಬಿಕೆ ಬಂತು ಅನ್ನಿ."

ಮೇಷ್ಟ್ರು ದಿಂಬು ಸರಿ ಮಾಡಿಕೊಂಡರು.

ಡಾಕ್ಟರಮ್ಮ ರಿಪೋರ್ಟನ್ನು ಮೇಜಿನ ಮೇಲೆ ಹರಡಿ ಬೆರಳಿಟ್ಟು ತೋರಿಸಿದಳು. ಹರಡುವುದಿದ್ದರೆ ಮೊದಲು ಕರುಳಿನ ಸುತ್ತಲಿನ ಸಣ್ಣ ಗಂಟುಗಳಿಗೆ ಹರಡುತ್ತದೆ; ಅಂಥವು ಹತ್ತೊಂಬತ್ತನ್ನು ತೆಗೆದು ನೋಡಿದ್ದಾರೆ. "ಹತ್ತೊಂಬತ್ತರಲ್ಲಿ ಒಂದರಲ್ಲೂ ಇಲ್ಲ. ಕೀಮೋ ಬೇಡ. ಮೂರು ತಿಂಗಳಿಗೊಮ್ಮೆ ಬಂದು ತೋರಿಸ್ಕೊಂಡು ಹೋಗಿ, ಸಾಕು."

ಹೆಂಡತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುವುದನ್ನು ಮೇಷ್ಟ್ರು ನೋಡಿದರು. ಬೆನ್ನ ಮೇಲೆ ಕೈ ಇಡಬೇಕು ಎನ್ನಿಸಿ ಇಟ್ಟರು. ಆಮೇಲೆ ಹೇಳಿದರು: "ಡಾಕ್ಟ್ರೇ, ನನಗೆ ಏನೂ ಅನ್ನಿಸ್ತಾನೇ ಇಲ್ಲ."

"ನೋವಿಲ್ವಾ? ಒಳ್ಳೇದೇ ಆಯ್ತು."

"ನೋವಲ್ಲ. ಇದು ಕೇಳಿ ಖುಷಿ ಆಗಬೇಕಿತ್ತು. ಆಗಲಿಲ್ಲ. ಅವತ್ತು ನೀವು ಇದೆ ಅಂದಾಗ ಹೆದರಿಕೇನೂ ಆಗಲಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ನಿದ್ದೆ ಬರತ್ತಾ? ಊಟ ಸೇರತ್ತಾ? ಸಾಯೋಣ ಅಂತೇನಾದ್ರೂ?"

"ಅದೂ ಅನ್ನಿಸಲ್ಲ."

"ಇದೇ ಕುರ್ಚೀಲಿ ಕೂತು ಬಹಳ ಜನ ಹೀಗೇ ಹೇಳಿದಾರೆ. ಕೆಲವರಿಗೆ ತಾನಾಗೇ ಬಿಡತ್ತೆ. ಮುಂದಿನ ಸಲ ಬಂದಾಗ್ಲೂ ಹೀಗೇ ಇದ್ರೆ, ಅದಕ್ಕೂ ಡಾಕ್ಟರ್ ಇದಾರೆ, ಅವರ ಹತ್ರ ಕಳಿಸ್ತೀನಿ. ನಾಚ್ಕೋಬೇಡಿ."

ಪಾರ್ಕಿಂಗಿನಲ್ಲಿ ಇಬ್ಬರೂ ಗಾಡಿಯೊಳಗೆ ಕೂತರು. ಆಕೆ ಸ್ಟಾರ್ಟ್ ಮಾಡಲಿಲ್ಲ. ಒದ್ದೆ ಕರವಸ್ತ್ರವನ್ನು ಮಡಿಸುತ್ತಾ, ಬಿಚ್ಚುತ್ತಾ ಇದ್ದಳು.

"ಹಾಗಾದ್ರೆ ಆ ಏರಲ್ಲಿ?" ಎಂದಳು ಕೊನೆಗೆ.

ಮೇಷ್ಟ್ರು ಸುಳ್ಳು ಹೇಳಬಹುದಿತ್ತು. ಹೇಳುವುದಕ್ಕೆ ಬೇಕಾದಷ್ಟು ಮನಸ್ಸೂ ಅವರಲ್ಲಿರಲಿಲ್ಲ. "ನಂಬಿಕೆ ಅಲ್ಲ. ಗಾಡಿ ಹಿಂದಕ್ಕೆ ಹೋಗ್ತಿದೆ ಅಂತ ಗೊತ್ತಾಯ್ತು. ತುಳೀಬೇಕು ಅಂತ ಅನ್ನಿಸಲಿಲ್ಲ."

ಆಕೆ ಕರವಸ್ತ್ರವನ್ನು ಡ್ಯಾಶ್‌ಬೋರ್ಡಿನ ಮೇಲೆ ಎಸೆದಳು. ಆಮೇಲೆ ಮಾತು ಕಟ್ಟೆ ಒಡೆದ ಹಾಗೆ ಬಂತು.

"ನೀವು ಥಿಯೇಟರೊಳಗೆ ಹೋದ್ರಲ್ಲ, ನಾಲ್ಕೂವರೆ ಗಂಟೆ. ಆ ಬೆಂಚಿನ ಮೇಲೆ ಕೂತು ನನ್ನ ಉಗುರೆಲ್ಲಾ ಕಚ್ಚಿ ಹಾಕಿದೀನಿ. ಬೆಳಗ್ಗೆ ಎದ್ದ ತಕ್ಷಣ ನಿಮಗೆ ಉಸಿರು ಆಡ್ತಿದೆಯಾ ಅಂತ ನೋಡ್ತೀನಿ, ಆಮೇಲೇ ಹಲ್ಲುಜ್ಜೋದು. ಹೆದರಿಕೆ ಆಗಲಿಲ್ವಂತೆ ಹೆದರಿಕೆ! ನಿಮ್ಮ ಪಾಲಿಂದೂ ನಾನೇ ಪಟ್ಟಿದೀನಿ. ನಿಮಗೆ ಎಲ್ಲಿ ಉಳಿಯತ್ತೆ?"

ಮೇಷ್ಟ್ರು ಆಕೆಯ ಕೈ ನೋಡಿದರು. ಉಗುರುಗಳು ನಿಜಕ್ಕೂ ಮೋಟಾಗಿದ್ದವು. ಇಷ್ಟು ದಿನ ನೋಡಿರಲಿಲ್ಲ. "ನನಗೆ ಗೊತ್ತಿರಲಿಲ್ಲ," ಎಂದರು.

"ಗೊತ್ತಾಯ್ತಲ್ಲ ಈಗ," ಎಂದು ಆಕೆ ಗಾಡಿ ಸ್ಟಾರ್ಟ್ ಮಾಡಿದಳು. ಬರುವಾಗ ಆ ಏರಿನ ದಾರಿ ಬಿಟ್ಟು, ಸುತ್ತು ಹಾಕಿಕೊಂಡು ಬಂದಳು.

ಆರು ವಾರ ಕಳೆಯಿತು. ಮೇಷ್ಟ್ರು ಬೆಳಗ್ಗೆ ಎರಡು ಗಂಟೆ ಮಾತ್ರ ಕಲಿಸಲು ಹೋಗತೊಡಗಿದರು. ಈಗ ಕಲಿಸುವ ದಾರಿಗಳನ್ನು ಟಾಯ್ಲೆಟ್ಟುಗಳ ಮೇಲೆ ಲೆಕ್ಕ ಹಾಕಿ ಆರಿಸುತ್ತಿದ್ದರು. ಮಾರ್ಕೆಟ್ಟಿನ ಸುತ್ತು ಬಿಟ್ಟು ಲೈಬ್ರರಿಯ ಸುತ್ತು. ಬ್ರೇಕಿನ ಮೇಲೆ ಕಾಲು ಇಡುವುದನ್ನು ನೆನಪಿಟ್ಟುಕೊಂಡು ಮಾಡುತ್ತಿದ್ದರು, ಮಾತ್ರೆ ನುಂಗುವ ಹಾಗೆ. ಹೊಸಬರು ಅವರನ್ನು ಶಾಂತ ಸ್ವಭಾವದವರು ಎಂದು ಹೊಗಳಿದರು.

ಎಂಟನೆಯ ವಾರ ಹೆಂಡತಿಯ ಲೈಸೆನ್ಸ್ ಟೆಸ್ಟು. ಊರ ಹೊರಗಿನ ಮೈದಾನದಲ್ಲಿ ಕಂಬ ನೆಟ್ಟು, ಸುಣ್ಣದಲ್ಲಿ ಎಂಟರ ಅಂಕಿ ಬರೆದಿದ್ದರು. ಆಕೆ ಸ್ಟೈಲಿನ ಗಾಡಿಯಲ್ಲೇ ಟೆಸ್ಟು ಕೊಡುತ್ತೇನೆಂದಳು, ಕೈಗೆ ಕೂತಿರುವುದು ಅದೇ ಎಂದು. ಇನ್ಸ್‌ಪೆಕ್ಟರು ಪ್ಯಾಡು ಹಿಡಿದು ನಿಂತಿದ್ದ. ಬೇಲಿಯ ಈಚೆ ಮೇಷ್ಟ್ರು. ಅವರ ಪಕ್ಕದಲ್ಲಿ, ಕಪ್ಪು ಕನ್ನಡಕದ ಸ್ಟೈಲು. ಹತ್ತು ವರ್ಷದಲ್ಲಿ ಇಬ್ಬರೂ ಇಷ್ಟು ಹತ್ತಿರ ನಿಂತದ್ದು ಇದೇ ಮೊದಲು.

"ಮೇಡಂ ಮೊದಲನೇ ದಿನ ಬಂದು ಏನಂದ್ರು ಗೊತ್ತಾ ಮೇಷ್ಟ್ರೇ?" ಎಂದ ಸ್ಟೈಲು. "ಬೈಯೋದಾದ್ರೆ ಈಗಲೇ ಹೇಳಿಬಿಡಿ, ವಾಪಸ್ ಹೋಗ್ತೀನಿ ಅಂದ್ರು."

"ಬೈದ್ಯಾ?"

"ಎಲ್ಲಿ ಬೈಯೋದು? ಬಹಳ ಚೆನ್ನಾಗಿ ಕಲಿತ್ರು."

ಎಂಟರ ಅಂಕಿ ಮುಗಿಯಿತು, ರಿವರ್ಸ್ ಮುಗಿಯಿತು. ಇನ್ಸ್‌ಪೆಕ್ಟರು ಪ್ಯಾಡಿನ ಮೇಲೆ ಏನೋ ಗೀಚಿ ತಲೆಯಾಡಿಸಿದ. ಆಕೆ ಬಾಗಿಲು ತೆರೆದು ಓಡೋಡಿ ಬಂದಳು. "ಸರ್, ಆಯ್ತು ಸರ್! ಪಾಸು!" ಎಂದಳು. ಸ್ಟೈಲಿಗೆ. ಸ್ಟೈಲು ಕನ್ನಡಕ ತೆಗೆದು, "ಮೂರನೇ ಗೇರು, ಮೇಡಂ?" ಎಂದ. "ಬಿದ್ದೇಬಿಡ್ತು ಸರ್!" ಎಂದಳು ಆಕೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರನೇ ಗೇರಿನಲ್ಲಿ ನಗುವಂಥದ್ದೇನಿತ್ತೋ ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಆಗ ಹೊಲಿಗೆಯ ಆಸುಪಾಸು, ಒಳಗಡೆ ಎಲ್ಲೋ, ಬಿಸಿಯಾಗಿ ಏನೋ ಎದ್ದಿತು. ಮೊದಲು ಅವರು ಕರುಳೇ ಇರಬೇಕೆಂದು ಟಾಯ್ಲೆಟ್ಟು ಎಲ್ಲಿದೆ ಎಂದು ಸುತ್ತ ನೋಡಿದರು. ಅದಲ್ಲ. ಇನ್ನೊಂದು ಗಳಿಗೆ ಬೇಕಾಯಿತು ಅದೇನೆಂದು ತಿಳಿಯಲು. ಹೊಟ್ಟೆಕಿಚ್ಚು. ಸಣ್ಣ ಬುದ್ಧಿಯ, ಮಕ್ಕಳಿಗೆ ಬರುವಂಥ ಹೊಟ್ಟೆಕಿಚ್ಚು. ಮೇಷ್ಟ್ರು ಅಲ್ಲಾಡದೆ ನಿಂತರು, ಅಲ್ಲಾಡಿದರೆ ಹೋಗಿಬಿಡುತ್ತದೇನೋ ಎಂದು.

ಹೆಂಡತಿ ಇತ್ತ ತಿರುಗಿದಳು. "ಏನ್ರೀ ಮುಖ ಹೀಗಿದೆ? ಅರ್ಜೆಂಟಾ?"

"ಅಲ್ಲ."

"ಮತ್ತೆ?"

"ಅವನ ಜೊತೆ ಅಷ್ಟು ಹಲ್ಲು ಕಿರಿಯೋದೇನಿತ್ತು?"

ಆಕೆ ಒಂದು ಹೆಜ್ಜೆ ಹತ್ತಿರ ಬಂದಳು. ನೆತ್ತಿಯಿಂದ ಪಾದದವರೆಗೆ ಒಂದು ಸಲ ಗಂಡನನ್ನು ನೋಡಿದಳು. ಆಮೇಲೆ ಅವರ ತೋಳು ಹಿಡಿದು, ಸ್ಟೈಲಿಗೆ ಹೋಗಿಬರುತ್ತೇವೆ ಎಂದು ಕೂಡ ಹೇಳದೆ, ಮೈದಾನದ ಅಂಚಿನಲ್ಲಿ ನಿಲ್ಲಿಸಿದ್ದ ತಮ್ಮ ಗಾಡಿಯ ಕಡೆಗೆ ನಡೆಸಿಕೊಂಡು ಹೋದಳು.

"ಹಲ್ಲು ಕಿರಿದ್ನಂತೆ! ಮೂರು ತಿಂಗಳು ತಾಳ್ಮೆಯಿಂದ ಹೇಳಿಕೊಟ್ಟೋರ ಜೊತೆ ನಗೋದೂ ತಪ್ಪಾ?" ದಾರಿಯುದ್ದಕ್ಕೂ ಆಕೆ ಗಾಡಿ ಓಡಿಸುತ್ತಲೇ ಬೈದಳು. ಮೇಷ್ಟ್ರೂ ಎರಡು ಮಾತು ಆಡಿದರು, ಸ್ಟೈಲಿನ ಕನ್ನಡಕದ ಮೇಲೆ ಒಂದು, ಅವನ ಗಾಡಿಯ ಮೇಲೆ ಇನ್ನೊಂದು. ಸೇತುವೆ ದಾಟುವಷ್ಟರಲ್ಲಿ ಒಳಗಿನ ಬಿಸಿ ಆರಿತ್ತು. ಮತ್ತೆ ಎಲ್ಲ ಗಾಜಿನಾಚೆ ಸರಿದ ಹಾಗೆ ಇತ್ತು, ಅಂಗಡಿಗಳು, ಬಸ್ಸುಗಳು, ಒಣಹಾಕಿದ ಬಟ್ಟೆಗಳು. ಆಕೆ ಇನ್ನೂ ಬೈಯುತ್ತಲೇ ಇದ್ದಳು. ಮೇಷ್ಟ್ರು ಅಡ್ಡ ಮಾತಾಡದೆ ಕೇಳಿಸಿಕೊಂಡು ಕೂತರು.